ಸುತ್ತಿಗೆ ಮೇಲಿರುವಾಗ

ಸುತ್ತಿಗೆ ಮೇಲಿರುವಾಗ ಮಾತಾಡಬಾರದು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಕಲಿಸುವ ಮೊದಲ ಪಾಠ ಇದು. ಉಳಿದ ಪಾಠಗಳೆಲ್ಲ ಆಮೇಲೆ.

ನಾವು ಕಲ್ಲು ಒಡೆಯುವವರು. ಬಂಡೆಗೆ ಕುಳಿ ಹಾಕುವುದು ಇಬ್ಬರ ಕೆಲಸ. ಒಬ್ಬರು ಕೂತು ಎರಡೂ ಕೈಯಲ್ಲಿ ಉದ್ದನೆಯ ಉಳಿ ಹಿಡಿಯುತ್ತಾರೆ. ಇನ್ನೊಬ್ಬರು ನಿಂತು ಸುತ್ತಿಗೆ ಬೀಸುತ್ತಾರೆ. ಪೆಟ್ಟು ಬಿದ್ದ ಕೂಡಲೇ ಕೂತವರು ಉಳಿಯನ್ನು ಕೊಂಚ ತಿರುಗಿಸಬೇಕು. ಮತ್ತೆ ಸುತ್ತಿಗೆ ಮೇಲೇಳುತ್ತದೆ. ಅದು ಮೇಲಿರುವಾಗ ಕೂತವರು ತಲೆ ಎತ್ತಬಾರದು, ಬಾಯಿ ತೆರೆಯಬಾರದು. ತೆರೆದರೆ ಬೀಸುವವರ ಕಣ್ಣು ಉಳಿಯ ತಲೆ ಬಿಟ್ಟು ಮುಖಕ್ಕೆ ಹೋಗುತ್ತದೆ. ಕಣ್ಣು ಹೋದ ಕಡೆ ಸುತ್ತಿಗೆ ಹೋಗುತ್ತದೆ. ಹಾಗಾಗಿ ಯಾರು ಏನೇ ಕೇಳಲಿ, ಪೆಟ್ಟು ಬೀಳಲಿ, ಆಮೇಲೆ ಉತ್ತರ.

ಇದು ನಮ್ಮ ಮೈಗೆ ಹತ್ತಿಬಿಟ್ಟಿದೆ. ಊಟಕ್ಕೆ ಕೂತಾಗ ಇನ್ನೊಂದು ಸೌಟು ಹಾಕಲಾ ಎಂದು ಅಮ್ಮ ಕೇಳಿದರೂ ಒಂದು ಪೆಟ್ಟಿನ ಹೊತ್ತು ಸುಮ್ಮನಿದ್ದು ಹೂಂ ಅನ್ನುತ್ತೇವೆ. ನನ್ನ ಅಣ್ಣ ಅತ್ತಿಗೆಯನ್ನು ಮದುವೆ ಆಗ್ತೀಯಾ ಎಂದು ಕೇಳಿದಾಗ ಅವಳು ಎರಡು ಪೆಟ್ಟಿನ ಹೊತ್ತು ಸುಮ್ಮನಿದ್ದಳಂತೆ. "ಎರಡನೇದು ಸುಮ್ನೆ, ಆಟ ಆಡ್ಸೋಕೆ" ಎಂದು ಈಗಲೂ ನಗುತ್ತಾಳೆ. ಅಷ್ಟು ಹೊತ್ತಿನಲ್ಲಿ ಅಣ್ಣ ಬೆವತು ನೀರಾಗಿದ್ದನಂತೆ.

ಅಪ್ಪನ ಎಡಗೈಯಲ್ಲಿ ಎರಡು ಬೆರಳಿಲ್ಲ. ಅವನು ಹರೆಯದಲ್ಲಿದ್ದಾಗ ಕ್ವಾರಿಗೆ ಹೊಸ ಸೂಪರ್‌ವೈಸರ್ ಬಂದ. ಅಪ್ಪ ಉಳಿ ಹಿಡಿದಿದ್ದ, ದೊಡ್ಡಪ್ಪ ಸುತ್ತಿಗೆ ಎತ್ತಿದ್ದ. ಸೂಪರ್‌ವೈಸರ್ ಹಿಂದಿನಿಂದ ಬಂದು, "ಏಯ್, ನಿನ್ನ ಹೆಸರೇನೋ?" ಎಂದ. ಅಪ್ಪ ಸುಮ್ಮನಿದ್ದ. "ಕಿವುಡನಾ? ಹೆಸರು ಬೊಗಳೋ!" ಎಂದು ಅವನು ಕೂಗಿದ. ಅಪ್ಪ ಹೆದರಿದ. ತಲೆ ಎತ್ತಿ ಹೆಸರು ಹೇಳಿದ. ಹೆಸರಿನ ಕೊನೆಯ ಅಕ್ಷರ ಬಾಯಲ್ಲಿರುವಾಗಲೇ ಸುತ್ತಿಗೆ ಬಿತ್ತು. ದೊಡ್ಡಪ್ಪ ಆಮೇಲೆ ಸುತ್ತಿಗೆ ಮುಟ್ಟಲೇ ಇಲ್ಲ, ಸಾಯುವವರೆಗೆ ಜಲ್ಲಿ ಹೊತ್ತ.

ಪೇಟೆಯವರಿಗೆ ಇದು ಯಾವುದೂ ಗೊತ್ತಿಲ್ಲ. ಅವರು ಏನಾದರೂ ಕೇಳುತ್ತಾರೆ, ನಾವು ತಡೆದು ಹೇಳುತ್ತೇವೆ, ಅವರು ನಗುತ್ತಾರೆ. ಮೊದ್ದುಕಲ್ಲು ಅನ್ನುತ್ತಾರೆ. ಬೂದುಮೈ ಅನ್ನುತ್ತಾರೆ. ಕಲ್ಲಿನ ಧೂಳು ಕೂತು ನಾವೆಲ್ಲ ಒಂದೇ ಬಣ್ಣಕ್ಕೆ ಕಾಣುತ್ತೇವೆ. ಹುಟ್ಟುವಾಗಲೇ ನಮ್ಮ ಚರ್ಮ ಬೂದು ಎಂದು ನಂಬಿದವರು ಪೇಟೆಯಲ್ಲಿ ಈಗಲೂ ಇದ್ದಾರೆ. ಓದಿದವರೇ.

ನಾನೂ ಓದಿದೆ. ಹನ್ನೆರಡನೇ ವಯಸ್ಸಿನವರೆಗೆ ರಜೆಯಲ್ಲೆಲ್ಲ ಉಳಿ ಹಿಡಿದ ಕೈ ಇದು. ಅಂಗೈಯಲ್ಲಿ ಇವತ್ತಿಗೂ ಜಡ್ಡು ಇದೆ. ಕಾಲೇಜಿಗೆ ಸೇರಿದ ಮೊದಲ ವಾರ ಮೇಷ್ಟರು ನನ್ನನ್ನು ಏನೋ ಕೇಳಿದರು. ಉತ್ತರ ಗೊತ್ತಿತ್ತು. ಅಭ್ಯಾಸದಂತೆ ತಡೆದೆ. ಅವರು "ನೆಕ್ಸ್ಟ್" ಎಂದು ಮುಂದಿನ ಬೆಂಚಿಗೆ ಹೋದರು. ಹೀಗೆ ವರ್ಷವಿಡೀ ಆಯಿತು. ನನ್ನ ಉತ್ತರ ಯಾವಾಗಲೂ ಬಾಯಿಗೆ ಬರುವ ಹೊತ್ತಿಗೆ ಪ್ರಶ್ನೆ ಬೇರೆಯವರದಾಗಿರುತ್ತಿತ್ತು. ಕೊನೆಗೆ ಕನ್ನಡಿ ಮುಂದೆ ನಿಂತು ಕಲಿತೆ. ನನ್ನನ್ನು ನಾನೇ ಪ್ರಶ್ನೆ ಕೇಳಿ, ಉಸಿರು ತೆಗೆದುಕೊಳ್ಳುವ ಮೊದಲೇ ಉತ್ತರ ಕೊಡುವುದನ್ನು ಕಲಿತೆ. ನಾಲಿಗೆಯನ್ನು ಹೊಡೆದು ಹೊಡೆದು ಬಗ್ಗಿಸಿದೆ.

ಕಲಿತು ಮನೆಗೆ ಹೋದೆ. ಅಪ್ಪ "ಬಸ್ಸಿನಲ್ಲಿ ಸೀಟು ಸಿಕ್ತಾ?" ಎಂದ. "ಸಿಕ್ತು" ಎಂದೆ ತಟ್ಟನೆ. ಅಪ್ಪನ ಎಡಗೈ ಎದೆಗೆ ಬಂತು. ಬೆರಳಿಲ್ಲದ ಕೈಯನ್ನು ಬಲಗೈಯಲ್ಲಿ ಮುಚ್ಚಿಕೊಂಡ. ಅವನಿಗೆ ಅದು ಗೊತ್ತೇ ಆಗಲಿಲ್ಲ, ನಾನು ನೋಡಿದೆ. ಅಂದಿನಿಂದ ನಾನು ಬೇಗ ಉತ್ತರ ಕೊಟ್ಟಾಗಲೆಲ್ಲ ಅಪ್ಪನ ಕೈ ಎದೆಗೆ ಹೋಗುತ್ತದೆ.

ಓದಿ ಮುಗಿಸಿ ಮನಃಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಸಹಾಯಕಿ ಆದೆ. ತಾತ್ಕಾಲಿಕ ಕೆಲಸ. ಕೊಡಿಸಿದ್ದು ಮೇಡಂ.

ಮೇಡಂ ಬಗ್ಗೆ ಹೇಳಬೇಕು. ಈಗ ಅವರ ಹೆಸರೆತ್ತಲೂ ಮನಸ್ಸಿಲ್ಲ, ಆದರೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅವರು ನನ್ನನ್ನು ಮಗಳೇ ಎಂದು ಕರೆಯುತ್ತಿದ್ದರು. ತಮ್ಮ ಕೋಣೆಯಲ್ಲೇ ಕಿಟಕಿ ಪಕ್ಕ ನನಗೆ ಮೇಜು ಹಾಕಿಸಿದರು. ಒಮ್ಮೆ ಆಫೀಸಿನ ಗುಮಾಸ್ತ, "ಆ ಬೂದುಮೈ ಹುಡುಗಿ ಫೈಲು ಎಲ್ಲಿಟ್ಟಿದ್ದಾಳೆ?" ಎಂದಾಗ ಮೇಡಂ ಅವನನ್ನು ಎಲ್ಲರೆದುರು ನಿಲ್ಲಿಸಿ ನನ್ನ ಬಳಿ ಕ್ಷಮೆ ಕೇಳಿಸಿದರು. ನಾನು ಶೌಚಾಲಯಕ್ಕೆ ಹೋಗಿ ಅತ್ತೆ. ಸಂತೋಷಕ್ಕೆ.

ಅವರ ಪಾಠ ಕೇಳಲು ಬೇರೆ ವಿಭಾಗದವರೂ ಬಂದು ನಿಲ್ಲುತ್ತಿದ್ದರು. ಜನಾಂಗ ಎಂದರೇನು, ಜನಾಂಗೀಯತೆ ಎಂದರೇನು ಎಂಬುದು ಅವರ ವಿಷಯ. ಮನಃಶಾಸ್ತ್ರದವರು ಇವೆರಡನ್ನೂ ಕಲಸಿ ಎಷ್ಟು ಅನಾಹುತ ಮಾಡಿದ್ದಾರೆ ಎಂದು ಹೇಳುವಾಗ ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು. ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತಿದ್ದರು.

"ಜನಾಂಗ ಅಂದ್ರೆ ಹೊರಗಿನವರು ನಿಮ್ಮ ಮೈ ನೋಡಿ ಅಂಟಿಸಿದ ಚೀಟಿ. ಅದು ನಿಮ್ಮ ರಕ್ತದಲ್ಲಿಲ್ಲ, ಅಂಟಿಸಿದವನ ಕಣ್ಣಲ್ಲಿದೆ. ಜನಾಂಗೀಯತೆ ಅನ್ನೋ ಪದ ಗಂಟಲಿಗೆ ಸಿಕ್ಕಿಹಾಕಿಕೊಳ್ಳುತ್ತೆ, ನಾನು ಅದನ್ನ ಬಳಗ ಅಂತೀನಿ. ಬಳಗ ಅಂದ್ರೆ ಒಳಗಿನವರು ಕೂಡಿ ಬದುಕ್ತಾ ಕಲಿತದ್ದು. ಮಾತು, ಕೆಲಸ, ನಡೆ, ನಗು. ಕಲಿತದ್ದನ್ನ ಮರೀಬಹುದು, ಬದಲಾಯಿಸಬಹುದು, ಬೇಕು ಅಂತ ಉಳಿಸಿಕೊಳ್ಳಬಹುದು. ಒಂದು ಬಳಗ ಮಾಡೋದನ್ನ ನೋಡಿ ಈ ಜನ ಇರೋದೇ ಹೀಗೆ ಅಂತ ಬರೆದ್ರೆ, ಅದೇ ನಮ್ಮ ಶಾಸ್ತ್ರ ಮಾಡೋ ಮೊದಲ ಪಾಪ."

ಮೊದಲ ಪಾಪ. ಅವರದೇ ಮಾತು. ನನಗೆ ಬಾಯಿಪಾಠ ಆಗಿತ್ತು. ಹುಟ್ಟಿದಾಗಿನಿಂದ ಮೊದ್ದುಕಲ್ಲು ಅನ್ನಿಸಿಕೊಂಡವಳಿಗೆ, ಅದು ನಿನ್ನಲ್ಲಿಲ್ಲ ಕಣೇ, ಅಂದವನ ಕಣ್ಣಲ್ಲಿದೆ ಎಂದು ಒಬ್ಬರು ಹೇಳಿದರೆ ಹೇಗಿರುತ್ತದೆ? ನಾನು ಅವರನ್ನು ನಂಬಿದೆ. ಹೆತ್ತವರನ್ನು ನಂಬಿದ ಹಾಗೆ ನಂಬಿದೆ.

ಒಂದು ದಿನ ಅವರೇ ನಮ್ಮ ಕಾಲೋನಿಗೆ ಬರುತ್ತೇನೆ ಎಂದರು. ಶಾಲಾ ಮಂಡಳಿಯವರು ಮಕ್ಕಳ ಕಲಿಕೆಯ ಬಗ್ಗೆ ಒಂದು ಅಧ್ಯಯನ ಮಾಡಿಕೊಡಿ ಎಂದು ಕೇಳಿದ್ದರಂತೆ. ಬಂದರು. ನಮ್ಮ ತಗಡಿನ ಮನೆಯಲ್ಲಿ, ಅಪ್ಪನ ಪಕ್ಕದಲ್ಲಿ, ನೆಲದ ಮೇಲೆ ಕೂತರು. ನಮ್ಮ ಲೋಟದಲ್ಲೇ ಚಹಾ ಕುಡಿದರು. ಅತ್ತಿಗೆ ಬಾಗಿಲ ಹಿಂದೆ ನಿಂತು ಲೋಟವನ್ನೇ ನೋಡುತ್ತಿದ್ದಳು, ತುಟಿಗೆ ತಾಗಿಸುತ್ತಾರೋ ಎತ್ತಿ ಸುರಿದುಕೊಳ್ಳುತ್ತಾರೋ ಎಂದು. ತಾಗಿಸಿ ಕುಡಿದರು.

"ನಿಮ್ಮ ಮಗಳೂ ನಾನೂ ರೇಸ್ ಬಗ್ಗೆ ಕೆಲಸ ಮಾಡ್ತಿದ್ದೀವಿ" ಎಂದರು ಅಪ್ಪನಿಗೆ.

ಅಪ್ಪ ಒಂದು ಪೆಟ್ಟಿನ ಹೊತ್ತು ತಡೆದ. "ಕುದುರೆದಾ?" ಎಂದ.

ಮೇಡಂ ಚಹಾ ನೆತ್ತಿಗೇರುವಷ್ಟು ನಕ್ಕರು. ನಾನು ಅಪ್ಪನಿಗೆ ರೇಸ್ ಅಂದರೆ ಇಂಗ್ಲಿಷಿನಲ್ಲಿ ಜನಾಂಗವೂ ಹೌದು, ಜನಾಂಗ ಎಂದರೆ ಬಣ್ಣ, ಮುಖ, ಮೈಕಟ್ಟು ನೋಡಿ ಜನರನ್ನು ವಿಂಗಡಿಸುವುದು ಎಂದು ವಿವರಿಸಿದೆ. ಅಪ್ಪ ತನ್ನ ಧೂಳು ಹಿಡಿದ ತೋಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. "ಹಾಗಾದ್ರೆ ನಮ್ಮ ಜನಾಂಗ ಒಂದು ಬಕೆಟ್ ನೀರಿಗೆ ಇಳಿದು ಹೋಗುತ್ತಲ್ಲಮ್ಮಾ" ಎಂದ. ಮೇಡಂ ಮತ್ತೆ ನಕ್ಕರು. "ಅಪ್ಪಾಜಿ, ಇದನ್ನ ನನ್ನ ಪುಸ್ತಕದಲ್ಲಿ ಹಾಕ್ತೀನಿ" ಎಂದರು.

ಆಮೇಲೆ ಬಂಡೆಯ ಹತ್ತಿರ ಹೋದೆವು. ಅಣ್ಣ ಸುತ್ತಿಗೆ ಬೀಸತೊಡಗಿದ, ಅತ್ತಿಗೆ ಉಳಿ ಹಿಡಿದಳು. ಮಧ್ಯಾಹ್ನದ ಬಿಸಿಲು. ಬಂಡೆಯ ಕಾವು ಚಪ್ಪಲಿ ದಾಟಿ ಬರುತ್ತಿತ್ತು. ಸುತ್ತಿಗೆ ಮೇಲಿದ್ದಾಗ ಮೇಡಂ ಅತ್ತಿಗೆಯನ್ನು, "ಎಷ್ಟು ವರ್ಷದಿಂದ ಈ ಕೆಲಸ?" ಎಂದು ಕೇಳಿದರು. ಅತ್ತಿಗೆ ಅಲುಗಲಿಲ್ಲ. ಪೆಟ್ಟು ಬಿತ್ತು. ಉಳಿ ತಿರುಗಿತು. "ಮೈ ನೆರೆಯೋಕೆ ಮುಂಚಿನಿಂದ" ಎಂದಳು. ಮತ್ತೆ ಸುತ್ತಿಗೆ ಮೇಲೆದ್ದಿತು. ಅಪ್ಪ ತನ್ನ ಕೈ ತೋರಿಸಿ ಸೂಪರ್‌ವೈಸರ್ ಹೆಸರು ಕೇಳಿದ ಕಥೆ ಹೇಳಿದ. ಮೇಡಂ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು. ಸುಳ್ಳು ಕಣ್ಣೀರಲ್ಲ ಅದು. ಅದೇ ನನಗೆ ಇವತ್ತಿಗೂ ಅರ್ಥವಾಗದ್ದು.

"ನೀವು ತಡೆದು ಮಾತಾಡೋದು ಇದಕ್ಕೇ!" ಎಂದರು ನನ್ನತ್ತ ತಿರುಗಿ. "ಇದು ಬಳಗ, ಮಗಳೇ. ಅಪ್ಪಟ ಬಳಗ. ಇದನ್ನ ಬರೀಲೇಬೇಕು."

ಮುಂದಿನ ವಾರ ಮಕ್ಕಳ ಪರೀಕ್ಷೆ ಶುರುವಾಯಿತು. ಒಂದು ಪ್ರಶ್ನೆ ಕೇಳುವುದು, ಉತ್ತರ ಬರುವವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಲ್ಯಾಪ್‌ಟಾಪಿನಲ್ಲಿ ಅಳೆಯುವುದು. ಪೇಟೆಯ ಮಕ್ಕಳಿಗೂ ಅದೇ, ನಮ್ಮವರಿಗೂ ಅದೇ. ಕಾಲೋನಿಯ ತಾಯಂದಿರು ಮಕ್ಕಳನ್ನು ಕಳಿಸಲು ಹಿಂದೆ ಮುಂದೆ ನೋಡಿದರು. "ಸೂಜಿ ಚುಚ್ತಾರಾ?" ಎಂದು ಒಬ್ಬಳು ಕೇಳಿದಳು. ಅತ್ತಿಗೆ ಮಾತ್ರ ಬೇರೆ ಕೇಳಿದಳು. ಅವಳ ಮಗಳು ಬೆಣಚಿ ಮೂರನೇ ತರಗತಿ. ಬೆಣಚುಕಲ್ಲಿನ ಹಾಗೆ ಮುಟ್ಟಿದರೆ ಕಿಡಿ ಹಾರಿಸುತ್ತಾಳೆ ಎಂದು ಅಪ್ಪ ಇಟ್ಟ ಅಡ್ಡಹೆಸರು ಅದು.

"ನೀನು ಹೇಳು. ಇದರಿಂದ ನನ್ನ ಹುಡುಗೀಗೆ ಕೆಡುಕಾಗಲ್ಲ ತಾನೇ?"

"ಆಗಲ್ಲ ಅತ್ತಿಗೆ" ಎಂದೆ. ತಟ್ಟನೆ ಎಂದೆ. "ಮೇಡಂ ನಮ್ಮೋರು."

ಬೆಣಚಿ ನನ್ನೆದುರು ಕುರ್ಚಿಯಲ್ಲಿ ಕಾಲಾಡಿಸುತ್ತಾ ಕೂತಳು. ನಾನು ಪ್ರಶ್ನೆ ಕೇಳಿದೆ. ಅವಳ ಕಾಲು ನಿಂತಿತು. ಒಂದು ಪೆಟ್ಟಿನ ಹೊತ್ತು. ಆಮೇಲೆ ಉತ್ತರ. ಒಂದೂ ತಪ್ಪಿಲ್ಲ. ಗಡಿಯಾರ ಓಡುತ್ತಲೇ ಇತ್ತು. ಓಡಲಿ, ಯಾಕೆ ಓಡುತ್ತಿದೆ ಎಂದು ಮೇಡಂಗೆ ಗೊತ್ತಲ್ಲ ಎಂದುಕೊಂಡೆ.

ಮಳೆಗಾಲ ಕಳೆದು ಶಾಲೆಯ ಎರಡನೇ ಅವಧಿ ಶುರುವಾದ ದಿನ ಬೆಣಚಿ ಮನೆಗೆ ಬಂದು ಚೀಲ ಇಡದೆ ನಿಂತಳು.

"ಅತ್ತೆ, ನನ್ನನ್ನ ಹಿಂದಿನ ಕೋಣೆಗೆ ಹಾಕಿದ್ರು."

"ಯಾಕೆ, ಏನು ಗಲಾಟೆ ಮಾಡಿದೆ?"

ಒಂದು ಪೆಟ್ಟಿನ ಹೊತ್ತು. "ಏನೂ ಇಲ್ಲ. ಕಾಲೋನಿ ಮಕ್ಕಳನ್ನೆಲ್ಲ ಹಾಕಿದ್ರು. ಅಲ್ಲಿ ಮತ್ತೆ ಅ ಆ ಇ ಈ ಬರೆಸ್ತಾರೆ. ನನಗೆ ಗುಣಾಕಾರ ಬರುತ್ತೆ ಅಂದೆ. ಅದು ಇಲ್ಲಿ ಬೇಡ ಅಂದ್ರು."

ಮರುದಿನ ಶಾಲೆಗೆ ಹೋದೆ. ಹಿಂದಿನ ಕೋಣೆ ಎಂದರೆ ಮೊದಲು ಮುರಿದ ಬೆಂಚು ತುಂಬಿಡುತ್ತಿದ್ದ ಕೋಣೆ. ಈಗ ಬೆಂಚು ಹೊರಗಿದ್ದವು, ನಮ್ಮ ಮಕ್ಕಳು ಒಳಗಿದ್ದರು. ಮುಂದಿನ ಕೋಣೆಯ ಗೋಡೆಯ ಮೇಲೆ ದೊಡ್ಡ ನೀಲಿ ಅಕ್ಷರದಲ್ಲಿ ಗಾದೆ ಬರೆಸಿದ್ದರು: ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೇಟೆಯವರು ತಡೆದು ಮಾತಾಡಿದರೆ ಮುತ್ತು. ನಾವು ತಡೆದು ಮಾತಾಡಿದರೆ ಮೊದ್ದು.

ಹೆಡ್ ಮಿಸ್ ನನ್ನನ್ನು ನೋಡಿ ನಿಜಕ್ಕೂ ಖುಷಿಪಟ್ಟರು. "ಬಾಮ್ಮಾ. ನಿಮ್ಮ ಮೇಡಂ ಬಹಳ ಒಳ್ಳೆ ಕೆಲಸ ಮಾಡಿದ್ರು. ಇಷ್ಟು ದಿನ ನಾವು ಸುಮ್ನೆ ಈ ಮಕ್ಕಳನ್ನ ಬೈತಿದ್ವಿ. ಪಾಪ, ಅವರ ತಪ್ಪಲ್ಲ ಅಂತ ಈಗ ಗೊತ್ತಾಯ್ತು. ಅದು ಜನಾಂಗದ ಗುಣ ಅಂತೆ. ಬುದ್ಧಿ ಓಡೋದೇ ನಿಧಾನ ಅಂತೆ. ಬೇರೆ ಕೂರಿಸಿ ನಿಧಾನಕ್ಕೆ ಹೇಳಿಕೊಡಿ ಅಂತ ಮಂಡಳಿಯೋರಿಗೆ ಬರೆದುಕೊಟ್ಟಿದ್ದಾರೆ."

"ಯಾರು ಬರೆದದ್ದು?"

"ನಿಮ್ಮ ಮೇಡಮ್ಮೇ. ನಿನಗೆ ಗೊತ್ತಿಲ್ವಾ? ಅಳತೆ ಮಾಡಿದ್ದು ನೀನೇ ಅಂತಲ್ಲ!"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು? ಅಲ್ಲಿಂದ ವಿಭಾಗದವರೆಗೆ ಹೇಗೆ ಬಂದೆನೋ ನೆನಪಿಲ್ಲ. ಮೇಡಂ ಕೋಣೆಯಲ್ಲಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ನನಗೂ ಒಂದು ಲೋಟ ಬಗ್ಗಿಸಿದರು.

"ನನ್ನ ಅಣ್ಣನ ಮಗಳನ್ನ ಮೊದ್ದು ಮಾಡಿದ್ರಲ್ಲ ಮೇಡಂ" ಎಂದೆ.

ಅವರಿಗೆ ಕೂಡಲೇ ಗೊತ್ತಾಯಿತು. ಕೇಳಲಿಲ್ಲ, ಏನು ಎಂದು. ಅದರಿಂದಲೇ ನನಗೆ ಎಲ್ಲ ಗೊತ್ತಾಯಿತು.

"ಕೂತ್ಕೋ ಮಗಳೇ. ನಾನೇ ಹೇಳಬೇಕು ಅಂತಿದ್ದೆ."

"ಸುತ್ತಿಗೆ ಎಲ್ಲಿ ಹೋಯ್ತು? ನೀವು ನೋಡಿದ್ರಿ. ಅಪ್ಪನ ಕೈ ಹಿಡ್ಕೊಂಡಿದ್ರಿ."

"ಅಡಿಟಿಪ್ಪಣಿಯಲ್ಲಿ ಹಾಕಿದೀನಿ. ಕಸುಬಿನ ಪ್ರಭಾವವೂ ಇರಬಹುದು ಅಂತ."

"ಇರಬಹುದು?"

"ನೋಡು, ಮಂಡಳಿಯೋರು ಕಥೆ ಕೇಳಲ್ಲ. ಅವರಿಗೆ ಬೇಕಾಗಿರೋದು ಈ ಗುಂಪು, ಆ ಗುಂಪು, ನಡುವೆ ಎಷ್ಟು ಅಂತರ. ಸುತ್ತಿಗೇನ ನಾನು ಗ್ರಾಫಲ್ಲಿ ಎಲ್ಲಿಡಲಿ? ಗುಂಪಿಗೆ ಒಂದು ಹೆಸರು ಬೇಕಿತ್ತು. ಅವರ ದಾಖಲೆಯಲ್ಲಿ ಜನಾಂಗ ಅಂತಿದೆ, ನಾನೂ ಜನಾಂಗ ಅಂತ ಬರೆದೆ. ಬರೀ ಒಂದು ಪದ."

"ನೀವೇ ಹೇಳಿಕೊಟ್ಟಿದ್ರಿ. ಮಾಡೋದನ್ನ ಇರೋದು ಅಂತ ಬರೆದ್ರೆ ಮೊದಲ ಪಾಪ ಅಂತ."

"ಅದು ತರಗತಿ. ಇದು ಆಡಳಿತ." ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನಿಮಗೆ ಒಳ್ಳೇದಾಗಲಿ ಅಂತಾನೇ ಮಾಡಿದೆ ಕಣೇ. ಪ್ರತ್ಯೇಕ ತರಗತಿ ಅಂದ್ರೆ ಒಬ್ಬ ಟೀಚರ್ ಹೆಚ್ಚಿಗೆ ಬರ್ತಾರೆ. ಬಳಗ ಅಂತ ಬರೆದಿದ್ರೆ, ಅಭ್ಯಾಸ ತಾನೇ, ಮನೇಲಿ ತಿದ್ಕೊಳ್ಳಲಿ ಅಂತ ಕೈ ತೊಳ್ಕೋತಿದ್ರು. ಜನಾಂಗ ಅಂದ್ರೆ ಮಾತ್ರ ಸರ್ಕಾರ ಅಲುಗುತ್ತೆ."

"ಅಲುಗಿದ್ದು ನಮ್ಮ ಮಕ್ಕಳು ಮೇಡಂ. ಮುರಿದ ಬೆಂಚಿನ ಕೋಣೆಗೆ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಅವರ ದನಿ ಬದಲಾಯಿತು. ಮಂಡಳಿಯವರು ಈ ವಾರ ಸಭಾಂಗಣಕ್ಕೆ ಬರುತ್ತಿದ್ದಾರೆ, ದೊಡ್ಡ ಸಂಕಿರಣ, ಯೋಜನೆ ಎಲ್ಲ ಶಾಲೆಗಳಿಗೂ ವಿಸ್ತರಣೆ ಆಗುತ್ತದೆ ಎಂದರು. ನೀನು ವೇದಿಕೆ ಮೇಲೆ ನನ್ನ ಪಕ್ಕ ನಿಲ್ಲಬೇಕು ಎಂದರು. "ಈ ಜನರಿಂದ ಬಂದ ಹುಡುಗಿ ಎಷ್ಟು ಚುರುಕಾಗಿ ಉತ್ತರ ಕೊಡ್ತಾಳೆ ಅಂತ ಅವರು ನೋಡಲಿ. ತರಬೇತಿ ಕೊಟ್ರೆ ಆಗುತ್ತೆ ಅನ್ನೋಕೆ ನೀನೇ ಸಾಕ್ಷಿ. ನಾನೊಂದು ಪ್ರಶ್ನೆ ಕೇಳ್ತೀನಿ, ನೀನು ಹೌದು ಅನ್ನು. ಅಷ್ಟೇ. ನಿನ್ನ ಕೆಲಸ ಕಾಯಂ ಮಾಡಿಸೋ ಜವಾಬ್ದಾರಿ ನನ್ನದು."

ಎಷ್ಟು ಮೃದುವಾಗಿ ಹೇಳಿದರು ಗೊತ್ತೇ? ನನ್ನ ತಲೆ ನೇವರಿಸಿದರು. ನಂಬಿಸಿ ಕತ್ತು ಕೊಯ್ಯುವುದು ಎಂದು ಕೇಳಿದ್ದೆ. ಕೊಯ್ಯುವಾಗ ತಲೆ ನೇವರಿಸುತ್ತಾರೆ ಎಂದು ಗೊತ್ತಿರಲಿಲ್ಲ. ಸೂಪರ್‌ವೈಸರ್ ಕೂಗಿದ್ದ, ಬೊಗಳು ಎಂದಿದ್ದ. ಅವನೇ ವಾಸಿ. ಅವನನ್ನು ನಾವು ಯಾರೂ ನಂಬಿರಲಿಲ್ಲ.

ಮನೆಗೆ ಬಂದು ಅತ್ತಿಗೆಗೆ ಹೇಳಿದೆ. ಅವಳು ಕೂಗಾಡಲಿಲ್ಲ. ತಲೆಯ ಧೂಳು ಕೊಡವುತ್ತಿದ್ದವಳು ಕೊಡವುತ್ತಲೇ ಇದ್ದಳು.

"ನಮ್ಮೋರು ಅಂದಿದ್ದೆ ನೀನು" ಎಂದಳು.

ಅಷ್ಟು ವರ್ಷ ಕನ್ನಡಿ ಮುಂದೆ ಕಲಿತ ತಟ್ಟನೆಯ ಉತ್ತರ ಒಂದೂ ಬಾಯಿಗೆ ಬರಲಿಲ್ಲ.

ಸಭಾಂಗಣದ ದಿನ ಮೇಡಂ ಕಾಲೋನಿಗೆ ತಮ್ಮ ಕಾರು ಕಳಿಸಿದರು. ಅಲ್ಲಾದರೂ ನಿಜ ಹೇಳುತ್ತಾರೇನೋ ಎಂಬ ಆಸೆಗೆ ಹತ್ತಿದೆ. ಅಪ್ಪ ಮೈ ಉಜ್ಜಿ ಉಜ್ಜಿ ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಬಂದ. ಅವನ ಜನಾಂಗ ಬಕೆಟ್ಟಿನಲ್ಲಿ ಉಳಿದಿತ್ತು. ಅತ್ತಿಗೆಯೂ ಬಂದಳು. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಪಕ್ಕದ ಕುರ್ಚಿಯವನು ಒಂದು ಕುರ್ಚಿ ಬಿಟ್ಟು ಸರಿದು ಕೂತದ್ದನ್ನು ವೇದಿಕೆಯಿಂದ ನೋಡಿದೆ.

ಪರದೆಯ ಮೇಲೆ, ಉತ್ತರ ಕೊಡಲು ಹಿಡಿದ ಹೊತ್ತಿಗೆ ಎರಡು ಕಂಬ. ಒಂದು ಗಿಡ್ಡ, ಒಂದು ಎತ್ತರ. ಗಿಡ್ಡ ಕಂಬ ಪೇಟೆಯ ಮಕ್ಕಳು. ಎತ್ತರದ್ದು ನಾವು. ಹುಟ್ಟಿದ ಮೇಲೆ ಮೊದಲ ಸಲ ಪೇಟೆಯವರಿಗಿಂತ ಎತ್ತರದಲ್ಲಿದ್ದೆವು, ಅದೂ ದಡ್ಡತನದಲ್ಲಿ. ಎತ್ತರದ ಕಂಬಕ್ಕೆ ಬೂದು ಬಣ್ಣ ಹಚ್ಚಿದ್ದರು. ಬೇಕೆಂದೇ ಹಚ್ಚಿದ್ದಲ್ಲ ಇರಬಹುದು. ಯಾರಿಗೂ ಅದು ತಪ್ಪು ಅನ್ನಿಸಿಯೂ ಇರಲಿಲ್ಲ.

ಮೇಡಂ ಚೆನ್ನಾಗಿ ಮಾತಾಡಿದರು. ಯಾವಾಗಲೂ ಚೆನ್ನಾಗಿಯೇ ಮಾತಾಡುತ್ತಾರೆ. ಕರುಣೆ ಎಂದರು, ಸಮಾನತೆ ಎಂದರು, ಈ ಜನಾಂಗದ ಮಕ್ಕಳ ಸಹಜ ನಿಧಾನ ಎಂದರು. ಬಳಗ ಎಂಬ ಪದ ಒಮ್ಮೆಯೂ ಬರಲಿಲ್ಲ. ಬರುತ್ತದೆ ಎಂದು ನಾನು ಕೊನೆಯವರೆಗೆ ಕಾದೆ. ನಾಚಿಕೆಯಿಲ್ಲದೆ ಕಾದೆ. ಈಗಲಾದರೂ ಹೇಳಿಬಿಡಿ ಮೇಡಂ, ಹೇಳಿದರೆ ಎಲ್ಲ ಮರೆತುಬಿಡುತ್ತೇನೆ ಎಂದು ಒಳಗೊಳಗೇ ಬೇಡಿಕೊಂಡೆ. ಹೇಳಲಿಲ್ಲ.

ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಮೈಕಿನ ಮುಂದೆ ತಂದರು.

"ಇವಳು ಆ ಕಾಲೋನಿಯ ಹುಡುಗಿ. ಇವಳ ತಂದೆ ಇಲ್ಲೇ ಕೂತಿದ್ದಾರೆ, ಕಲ್ಲು ಒಡೆಯೋರು. ಇವಳೂ ಮೊದಲು ಹಾಗೇ ಇದ್ದಳು. ಈಗ ನೋಡಿ. ಸರಿಯಾದ ತರಬೇತಿ ಸಿಕ್ಕರೆ ಜನಾಂಗದ ಆ ನಿಧಾನವನ್ನ ದಾಟಬಹುದು." ನನ್ನತ್ತ ತಿರುಗಿ ನಕ್ಕರು. "ಹೌದು ತಾನೇ, ಮಗಳೇ?"

ಹೌದು ಎಂಬ ಪದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅಭ್ಯಾಸ. ಬೇಗ ಹೇಳು, ಬೇಗ ಹೇಳು, ಇಲ್ಲದಿದ್ದರೆ ಮುಂದಿನ ಬೆಂಚಿಗೆ ಹೋಗುತ್ತಾರೆ.

ಹಲ್ಲು ಕಚ್ಚಿದೆ.

ಸುತ್ತಿಗೆ ಮೇಲೆದ್ದಿತು. ನಾನು ಉಳಿ ಹಿಡಿದು ಕೂತಿದ್ದೆ. ತಲೆ ಎತ್ತಲಿಲ್ಲ. ಮೈಕಿನಲ್ಲಿ ನನ್ನ ಉಸಿರು ಕೇಳುತ್ತಿತ್ತು. ಒಂದು ಪೆಟ್ಟಿನ ಹೊತ್ತಾಯಿತು. ಎರಡಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಮೇಡಂ ನನ್ನ ಹೆಗಲನ್ನು ಒತ್ತಿದರು. ಮೈಕಿನಿಂದ ಮುಖ ತಿರುಗಿಸಿ ಹಲ್ಲಿನ ಸಂದಿಯಲ್ಲಿ, "ಹೇಳೇ" ಎಂದರು. ನಾನು ಸುಮ್ಮನಿದ್ದೆ. "ಏನಾಯ್ತೇ ನಿನಗೆ? ಬಾಯಿ ಬಿಡು!"

ಬೊಗಳು ಎಂದು ಹೇಳುವುದೊಂದು ಬಾಕಿ.

ಮೊದಲ ಸಾಲಿನಲ್ಲಿ ಅಪ್ಪನನ್ನು ನೋಡಿದೆ. ಎಡಗೈ ತೊಡೆಯ ಮೇಲಿತ್ತು. ಎದೆಗೆ ಹೋಗಿರಲಿಲ್ಲ. ಬಿಡಿಸಿಟ್ಟ ಕೈ ಹಾಗೇ ಇತ್ತು.

ಪೆಟ್ಟು ಬಿತ್ತು.

"ಇಲ್ಲ" ಎಂದೆ.

ಮೈಕು ಅದನ್ನು ದೊಡ್ಡದು ಮಾಡಿ ಹಿಂದಿನ ಗೋಡೆಯವರೆಗೆ ಒಯ್ದಿತು. ಆಮೇಲೆ ಮಾತು ತಾನಾಗಿ ಬಂತು. "ನಾನು ಏನನ್ನೂ ದಾಟಿಲ್ಲ. ನೀವು ಕಾಯಲ್ಲ ಅಂತ ಓಡೋಕೆ ಕಲಿತೆ, ಅಷ್ಟೇ. ಮೇಡಂ, ನೀವು ಆ ಬಂಡೆ ಮೇಲೆ ನಿಂತು ನೋಡಿದ್ರಿ. ನೋಡಿ, ಅತ್ತು, ನಮ್ಮನೆ ಚಹಾ ಕುಡಿದು, ಬಂದು ಸುಳ್ಳು ಬರೆದ್ರಿ. ನಿಮಗೆ ಗೊತ್ತಿರಲಿಲ್ಲ ಅಂದ್ರೆ ಕ್ಷಮಿಸ್ತಿದ್ದೆ. ಅಳತೆ ಮಾಡಿದ ಕೈ ನನ್ನದು. ಈ ಅಳತೆಗೆ ನಾನು ಸಾಕ್ಷಿ ಅಲ್ಲ."

ಯಾರೋ ಮೈಕು ಆರಿಸಿದರು. ಮೇಡಂ ಅಳುತ್ತಿದ್ದರು. ಈ ಸಲವೂ ಸುಳ್ಳು ಕಣ್ಣೀರಲ್ಲ. "ನಿನ್ನನ್ನ ಮಗಳ ಥರ ನೋಡಿಕೊಂಡೆನಲ್ಲೇ" ಎಂದರು. ಅತ್ತಿಗೆ ಎದ್ದು ಬಂದು ನನ್ನ ಕೈ ಹಿಡಿದು ಮೆಟ್ಟಿಲಿಳಿಸಿದಳು. ವಾಪಸು ಹೋಗಲು ಕಾರು ಇರಲಿಲ್ಲ. ಬಿಸಿಲಲ್ಲಿ ನಡೆದೆವು. ದಾರಿಯಲ್ಲಿ ಅಪ್ಪ ಒಂದೇ ಮಾತು ಕೇಳಿದ, ಹಸಿವಾಗಿದೆಯಾ ಎಂದು. ನಾನು ತಡೆದು, ಹೂಂ ಎಂದೆ.

ಕೆಲಸ ಹೋಯಿತು. ಕಿಟಕಿ ಪಕ್ಕದ ಮೇಜಿನಲ್ಲಿದ್ದ ನನ್ನ ಪುಸ್ತಕಗಳನ್ನು ಅದೇ ಗುಮಾಸ್ತ ಗೇಟಿನ ಹತ್ತಿರ ತಂದುಕೊಟ್ಟ. ಈ ಸಲ ಏನೂ ಅನ್ನಲಿಲ್ಲ. ಯೋಜನೆಯ ವಿಸ್ತರಣೆ ಮುಂದಕ್ಕೆ ಹೋಯಿತಂತೆ. ಹಿಂದಿನ ಕೋಣೆಯ ಆದೇಶ ಮಾತ್ರ ಹಾಗೇ ಇದೆ. ಮೇಲಿನಿಂದ ಬಂದದ್ದು ಮೇಲಿನಿಂದಲೇ ಹೋಗಬೇಕು ಎಂದರು ಹೆಡ್ ಮಿಸ್.

ಸೋಮವಾರ ನಾನೂ ಅತ್ತಿಗೆಯೂ ಬೆಣಚಿಯನ್ನು ಕರೆದುಕೊಂಡು ಶಾಲೆಗೆ ಹೋದೆವು. ಕಾಲೋನಿಯ ಇನ್ನೊಂದಿಷ್ಟು ಹೆಂಗಸರು ಅವರವರ ಮಕ್ಕಳ ಕೈ ಹಿಡಿದು ಹಿಂದೆ ಬಂದರು. ಅವತ್ತು ಕ್ವಾರಿಯಲ್ಲಿ ಉಳಿ ಹಿಡಿಯಲು ಯಾರೂ ಇರಲಿಲ್ಲ. ಹಿಂದಿನ ಕೋಣೆಯನ್ನು ದಾಟಿಕೊಂಡು ಮುಂದಿನ ಕೋಣೆಗೆ ನಡೆದೆವು. ಜವಾನ ಅಡ್ಡ ಬಂದ. ಅತ್ತಿಗೆ ಅವನನ್ನು ಬರೀ ನೋಡಿದಳು. ಅವನು ಸರಿದ. ಬೆಣಚಿಯನ್ನು ಗಾದೆ ಬರೆದ ಗೋಡೆಯ ಎದುರಿನ ಮೊದಲ ಬೆಂಚಿನಲ್ಲಿ ಕೂರಿಸಿದೆವು. ನಾವು ಗೋಡೆಗೊರಗಿ ನಿಂತೆವು.

ಟೀಚರ್ ಚಿಕ್ಕ ವಯಸ್ಸಿನವಳು. ಬಾಗಿಲ ಕಡೆ ನೋಡಿದಳು, ಯಾರೂ ಬರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಬೆಣಚಿಯ ಮುಂದೆ ಬಂದು ನಿಂತಳು.

"ನಿನ್ನ ಹೆಸರೇನು?" ಎಂದಳು.

ಬೆಣಚಿಯ ಕಾಲು ನಿಂತಿತು. ಟೀಚರ್ ಕಾದಳು, ಮುಂದಿನ ಬೆಂಚಿನತ್ತ ತಿರುಗತೊಡಗಿದಳು.

"ಕಾಯಿರಿ" ಎಂದೆ.

"ಅಲ್ಲ, ಇವಳು..."

"ಬಾಯಿ ಬರುತ್ತೆ ಅವಳಿಗೆ. ಕಾಯಿರಿ."

ಟೀಚರ್ ನಿಂತಳು. ಇಡೀ ಕೋಣೆ ನಿಂತಿತು. ಅತ್ತಿಗೆಯ ಉಸಿರು ನನ್ನ ಪಕ್ಕದಲ್ಲಿ ಕೇಳುತ್ತಿತ್ತು. ಬೆಣಚಿ ಅವಸರ ಮಾಡಲಿಲ್ಲ. ಆಮೇಲೆ ತಲೆ ಎತ್ತಿ ತನ್ನ ಹೆಸರು ಹೇಳಿದಳು, ಅಡ್ಡಹೆಸರಲ್ಲ, ಪೂರ್ತಿ ಹೆಸರು, ಕೊನೆಯ ಅಕ್ಷರದವರೆಗೆ. ಅವಳ ಹತ್ತೂ ಬೆರಳು ಬೆಂಚಿನ ಮೇಲಿದ್ದವು.